ಬ್ಲೂಟೂತ್ ಹೆಡ್‌ಫೋನ್ ಮತ್ತು ಮನೆ ಸ್ಟುಡಿಯೊ: ತಕರಾರು ಕೋಡೆಕ್‌ನದ್ದಲ್ಲ, ವಿಳಂಬದ್ದು

ಬೆಂಗಳೂರಿನಲ್ಲಿ ಹಾಡು ಕಟ್ಟುವ ಎಷ್ಟೋ ಹುಡುಗ ಹುಡುಗಿಯರಿಗೆ ಸ್ಟುಡಿಯೊ ಅಂದರೆ ಪಿಜಿಯ ಒಂದು ಕೋಣೆ, ಇಲ್ಲವೇ ಎರಡು ಬೆಡ್‌ರೂಮಿನ ಫ್ಲ್ಯಾಟ್‌ನ ಒಂದು ಮೂಲೆ. ಹಗಲೆಲ್ಲ ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಸದ್ದು. ರಾತ್ರಿ ಸ್ಪೀಕರ್ ಹಾಕಿದರೆ ಕೆಳಗಿನ ಮನೆಯವರ ಫೋನು. ಅವರ ಪಕ್ಷದಲ್ಲಿ ಕಾನೂನೂ ಇದೆ: 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಹೀಗಾಗಿ ಹೆಡ್‌ಫೋನ್ ಬಿಟ್ಟರೆ ಗತಿಯಿಲ್ಲ. ಕೈಗೆ ಸಿಗುವ ಹೆಡ್‌ಫೋನ್ ಯಾವುದು? ಆಫೀಸಿನ ಕಾಲ್‌ಗಳಿಗೆಂದು, ಮೆಟ್ರೊ ಪ್ರಯಾಣಕ್ಕೆಂದು ಇಪ್ಪತ್ತು ಮೂವತ್ತು ಸಾವಿರ ಕೊಟ್ಟು ತಂದ ನಾಯ್ಸ್ ಕ್ಯಾನ್ಸಲಿಂಗ್ ಬ್ಲೂಟೂತ್ ಹೆಡ್‌ಫೋನ್. ಇಷ್ಟು ದುಡ್ಡಿನ ವಸ್ತು ಹಾಡು ಮಾಡುವುದಕ್ಕೂ ಆಗಬೇಕಲ್ಲವೇ ಎನ್ನುವ ಲೆಕ್ಕಾಚಾರ ಸಹಜ.

ಈ ಚರ್ಚೆ ಎಲ್ಲಿ ನಡೆದರೂ ಮಾತು ಶುರುವಾಗುವುದು ಕೋಡೆಕ್‌ನಿಂದ, ಅಂದರೆ ಬ್ಲೂಟೂತ್‌ನಲ್ಲಿ ಕಳಿಸಲು ಸದ್ದನ್ನು ಕುಗ್ಗಿಸುವ ವಿಧಾನದಿಂದ. ಎಲ್‌ಡಿಎಸಿ ಇದೆಯಾ, ಆಪ್ಟ್‌ಎಕ್ಸ್ ಇದೆಯಾ, ಸೆಕೆಂಡಿಗೆ ಎಷ್ಟು ಕಿಲೋಬಿಟ್ (ಕೆಬಿಪಿಎಸ್)? ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸದ್ದು ಕಿವಿಗೆ ಎಷ್ಟು ತಡವಾಗಿ ಬರುತ್ತದೆ, ಬರುವ ದಾರಿಯಲ್ಲಿ ಹೆಡ್‌ಫೋನ್ ತನ್ನಷ್ಟಕ್ಕೆ ಏನೇನು ತಿದ್ದುತ್ತದೆ, ಕುಶನ್ ಕಿವಿಯ ಸುತ್ತ ಸರಿಯಾಗಿ ಕೂತಿದೆಯೇ ಎಂಬ ಮೂರು ಸಂಗತಿಗಳು ಅದಕ್ಕಿಂತ ಮುಂಚೆ ಬರುತ್ತವೆ.

ತಾಳ ತಪ್ಪುವುದು ಎಲ್ಲಿ

ಬ್ಲೂಟೂತ್‌ನಲ್ಲಿ ಸದ್ದು ನೇರವಾಗಿ ಹರಿಯುವುದಿಲ್ಲ. ಲ್ಯಾಪ್‌ಟಾಪ್ ಅದನ್ನು ಕುಗ್ಗಿಸಿ, ಪ್ಯಾಕೆಟ್ ಕಟ್ಟಿ ಕಳಿಸುತ್ತದೆ. ಹೆಡ್‌ಫೋನ್ ಅದನ್ನು ಬಿಚ್ಚಿ, ತನ್ನ ಡಿಎಸ್‌ಪಿಯ (ಸದ್ದನ್ನು ತಿದ್ದುವ ಚಿಪ್) ಮೂಲಕ ಹಾಯಿಸಿ ನುಡಿಸುತ್ತದೆ. ಇದರಲ್ಲಿ ಹೆಚ್ಚು ಹೊತ್ತು ತಿನ್ನುವುದು ಬಫರ್. ರೇಡಿಯೊ ಕೊಂಡಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಮತ್ತೆ ತರಿಸಿಕೊಳ್ಳಲು ಸಮಯ ಬೇಕು. ಆ ಹೊತ್ತಿನಲ್ಲಿ ಹಾಡು ತುಂಡಾಗದಿರಲೆಂದು ಹೆಡ್‌ಫೋನ್ ಬೇಕೆಂದೇ ಒಂದಿಷ್ಟು ಸದ್ದನ್ನು ಹಿಡಿದಿಟ್ಟುಕೊಂಡಿರುತ್ತದೆ. ಎಸ್‌ಬಿಸಿ, ಎಎಸಿ ಕೋಡೆಕ್‌ಗಳಲ್ಲಿ ಒಟ್ಟು ವಿಳಂಬ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್. ಎಲ್‌ಡಿಎಸಿ ಇದ್ದರೆ ಇದು ಕಡಿಮೆಯಾಗುವುದಿಲ್ಲ, ಎಷ್ಟೋ ಸಲ ಹೆಚ್ಚೇ ಆಗುತ್ತದೆ.

ಇನ್ನೂರು ಮಿಲಿಸೆಕೆಂಡ್ ಎಂದರೆ ಎಷ್ಟು ಎಂಬುದು ತಾಳದ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಿಮಿಷಕ್ಕೆ 80ರ ಕ್ಲಿಕ್ (ತಾಳ ಹಿಡಿಯುವ ಟಿಕ್ ಸದ್ದು) ಇಟ್ಟುಕೊಳ್ಳಿ. ಒಂದು ಎಣಿಕೆಗೆ 750 ಮಿಲಿಸೆಕೆಂಡ್. ಚತುರಶ್ರ ನಡೆಯಲ್ಲಿ ತ-ಕ-ಧಿ-ಮಿ ಎಂದು ನಾಲ್ಕು ಭಾಗ ಮಾಡಿದರೆ ಒಂದೊಂದು ಅಕ್ಷರಕ್ಕೆ 187.5. ಅಂದರೆ ಪ್ಯಾಡ್ ಮೇಲೆ ಹೊಡೆದ ‘ತ’ ಕಿವಿಗೆ ಕೇಳುವ ಹೊತ್ತಿಗೆ ಕೈ ಆಗಲೇ ‘ಕ’ ದಾಟಿರುತ್ತದೆ. ಕಛೇರಿ ವೇದಿಕೆಯ ಮೇಲೆ ಹಾಡುಗಾರರಿಗೂ ಮೃದಂಗದವರಿಗೂ ಎರಡು ಮೀಟರ್ ಅಂತರ ಇದ್ದರೆ ಗಾಳಿಯಲ್ಲಿ ಸದ್ದು ಸಾಗಲು ಬೇಕಾಗುವುದು ಸುಮಾರು 6 ಮಿಲಿಸೆಕೆಂಡ್. ಇನ್ನೂರು ಮಿಲಿಸೆಕೆಂಡ್‌ಗೆ ಸಮನಾದ ಅಂತರ ಬೇಕಾದರೆ ಮೃದಂಗದವರು 68 ಮೀಟರ್ ದೂರ, ಸಭಾಂಗಣದ ಆಚೆ ಎಲ್ಲೋ ರಸ್ತೆಯಲ್ಲಿ ಕೂರಬೇಕು. ನುಡಿಸುವವರಿಗೆ ಹತ್ತು ಮಿಲಿಸೆಕೆಂಡ್‌ವರೆಗಿನ ವಿಳಂಬ ಅಷ್ಟಾಗಿ ಬಾಧಿಸದು. ಇಪ್ಪತ್ತು ದಾಟಿದರೆ ಬೆರಳಿಗೂ ಕಿವಿಗೂ ಜಗಳ ಶುರು.

‘ಯೂಟ್ಯೂಬ್‌ನಲ್ಲಿ ತುಟಿ ಸರಿಯಾಗೇ ಕೂಡುತ್ತದಲ್ಲ’ ಎಂದು ಕೇಳುವವರಿದ್ದಾರೆ. ಕೂಡುತ್ತದೆ, ಏಕೆಂದರೆ ಹೆಡ್‌ಫೋನ್ ತಿಳಿಸಿದ ವಿಳಂಬದಷ್ಟೇ ಚಿತ್ರವನ್ನೂ ಫೋನು ತಡೆಹಿಡಿಯುತ್ತದೆ. ಈಗಾಗಲೇ ರೆಕಾರ್ಡ್ ಆಗಿರುವ ಚಿತ್ರವನ್ನು ತಡೆಹಿಡಿಯಬಹುದು. ನೀವು ಇನ್ನೂ ಒತ್ತಬೇಕಾದ ಕೀಲಿಯನ್ನು ಯಾವ ಸಾಫ್ಟ್‌ವೇರೂ ಮೊದಲೇ ಊಹಿಸಿ ನುಡಿಸಲಾರದು. ಹಾಡು ಕಟ್ಟುವ ಸಾಫ್ಟ್‌ವೇರ್ ರೀಪರ್, ಕ್ಯೂಬೇಸ್, ಲಾಜಿಕ್, ಎಫ್‌ಎಲ್ ಸ್ಟುಡಿಯೊ ಯಾವುದೇ ಇರಲಿ, ಅದರಲ್ಲಿ ಬಫರ್ ಅನ್ನು 128 ಸ್ಯಾಂಪಲ್‌ಗೆ (ಡಿಜಿಟಲ್ ಸದ್ದಿನ ಒಂದೊಂದು ಅಳತೆಯೇ ಸ್ಯಾಂಪಲ್) ಇಳಿಸಿದರೆ 48 ಕಿಲೋಹರ್ಟ್ಸ್‌ನಲ್ಲಿ ಉಳಿಯುವುದು 2.7 ಮಿಲಿಸೆಕೆಂಡ್. ಆದರೆ ಅದು ಲ್ಯಾಪ್‌ಟಾಪ್ ಒಳಗಿನ ಲೆಕ್ಕ. ಬ್ಲೂಟೂತ್‌ನ ಇನ್ನೂರಕ್ಕೆ ಅದರಿಂದ ಏನೂ ಆಗುವುದಿಲ್ಲ.

ನಿಮ್ಮ ಹೆಡ್‌ಫೋನ್‌ನ ವಿಳಂಬ ಎಷ್ಟೆಂದು ಮನೆಯಲ್ಲೇ ಅಳೆಯಬಹುದು. ಮೊದಲು ತಂತಿಯ ಇಯರ್‌ಫೋನ್ ಒಂದನ್ನು ಮೈಕಿಗೆ ತಾಗಿಸಿ ಹಿಡಿದು, ಸಾಫ್ಟ್‌ವೇರ್‌ನ ಕ್ಲಿಕ್ ನುಡಿಸಿ ರೆಕಾರ್ಡ್ ಮಾಡಿ. ಅಲೆಯ ಚಿತ್ರವನ್ನು ಹಿಗ್ಗಿಸಿ, ಗ್ರಿಡ್ ಗೆರೆಯಿಂದ ಕ್ಲಿಕ್ ಎಷ್ಟು ಸ್ಯಾಂಪಲ್ ತಡವಾಗಿದೆ ಎಂದು ಬರೆದಿಡಿ. ಆಮೇಲೆ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಒಂದನ್ನೇ ಬದಲಿಸಿ ಬ್ಲೂಟೂತ್ ಹೆಡ್‌ಫೋನ್‌ನಲ್ಲೂ ಹಾಗೇ ಮಾಡಿ. ಎರಡರ ವ್ಯತ್ಯಾಸವನ್ನು 48ರಿಂದ ಭಾಗಿಸಿದರೆ (ಪ್ರಾಜೆಕ್ಟ್ 48 ಕಿಲೋಹರ್ಟ್ಸ್‌ನಲ್ಲಿದ್ದರೆ) ಮಿಲಿಸೆಕೆಂಡ್ ಸಿಗುತ್ತದೆ: 9,600 ಸ್ಯಾಂಪಲ್ ಎಂದರೆ 200. ಹೆಡ್‌ಫೋನ್ ಆಫ್ ಮಾಡಿ ಮತ್ತೆ ಜೋಡಿಸಿ ಇನ್ನೊಮ್ಮೆ ಅಳೆಯಿರಿ. ಬಹಳ ಸಲ ಅಂಕಿ ಬದಲಾಗಿರುತ್ತದೆ. ‘ವಿಳಂಬ ಎಷ್ಟಿದೆಯೋ ಅಷ್ಟು ಟ್ರ್ಯಾಕನ್ನು ಹಿಂದಕ್ಕೆ ಎಳೆದರಾಯ್ತು’ ಎಂಬ ಉಪಾಯ ಕೈಕೊಡುವುದು ಇಲ್ಲೇ. ಬರೀ ದನಿಯ ಡೆಮೊಗೆ ಅದು ನಡೆಯುತ್ತದೆ, ಏಕೆಂದರೆ ಹಾಡುವವರಿಗೆ ತಮ್ಮ ದನಿ ತಲೆಬುರುಡೆಯೊಳಗಿಂದ ತಡವಿಲ್ಲದೆ ಕೇಳುತ್ತಿರುತ್ತದೆ. ಒತ್ತಿದ ಮೇಲೆ ಲ್ಯಾಪ್‌ಟಾಪ್‌ನಿಂದಲೇ ಸದ್ದು ಬರುವ ಮಿಡಿ ಕೀಬೋರ್ಡಿಗೆ ನಡೆಯದು.

ಇನ್ನೊಂದು ಕಾಟ ಮೈಕಿನದು. ಬ್ಲೂಟೂತ್ ಹೆಡ್‌ಸೆಟ್‌ನ ಮೈಕನ್ನು ಯಾವುದೇ ಆ್ಯಪ್ ತೆರೆದ ಕೂಡಲೇ ಕೊಂಡಿ ಫೋನ್ ಕಾಲ್‌ಗೆಂದು ಇರುವ ಹ್ಯಾಂಡ್ಸ್-ಫ್ರೀ ಪ್ರೊಫೈಲ್‌ಗೆ ಜಾರುತ್ತದೆ. ಸ್ಟಿರಿಯೊ ಹೋಗಿ ಮೋನೊ ಆಗುತ್ತದೆ. ಸ್ಯಾಂಪಲಿಂಗ್ 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಹಾಡು ಹಳೆಯ ಲ್ಯಾಂಡ್‌ಲೈನ್‌ನಿಂದ ಬಂದಹಾಗೆ ಕೇಳಿದಾಗ ಹೆಡ್‌ಫೋನ್ ಕೆಟ್ಟಿತೆಂದು ಗಾಬರಿಪಡಬೇಕಿಲ್ಲ. ಮ್ಯಾಕ್‌ನಲ್ಲಿ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಇನ್‌ಪುಟ್ ಅನ್ನು ಲ್ಯಾಪ್‌ಟಾಪ್‌ನ ಮೈಕ್ ಅಥವಾ ಆಡಿಯೊ ಇಂಟರ್‌ಫೇಸ್‌ಗೆ (ಮೈಕನ್ನೂ ಹೆಡ್‌ಫೋನನ್ನೂ ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಬದಲಿಸಿದರೆ ಸದ್ದು ಮರಳುತ್ತದೆ. ವಿಂಡೋಸ್‌ನಲ್ಲೂ ಇನ್‌ಪುಟ್ ಬದಲಿಸಿ. ಸಾಲದಿದ್ದರೆ ಆ ಹೆಡ್‌ಫೋನ್‌ನ ಹ್ಯಾಂಡ್ಸ್-ಫ್ರೀ ಸೇವೆಯನ್ನೇ ನಿಷ್ಕ್ರಿಯಗೊಳಿಸಿ. ಇಂಟರ್‌ಫೇಸ್‌ನ ಎಎಸ್‌ಐಒ ಡ್ರೈವರ್ (ವಿಳಂಬ ತಗ್ಗಿಸುವ ಸಾಫ್ಟ್‌ವೇರ್ ಕೊಂಡಿ) ಆರಿಸಿದ್ದರೆ ಬ್ಲೂಟೂತ್ ಹೆಡ್‌ಫೋನ್ ಪಟ್ಟಿಯಲ್ಲೇ ಕಾಣುವುದಿಲ್ಲ. ಅದು ದೋಷವಲ್ಲ, ಎಎಸ್‌ಐಒ ಒಂದು ಸಲಕ್ಕೆ ಒಂದೇ ಸಾಧನದ ಡ್ರೈವರ್ ಜತೆ ಕೆಲಸ ಮಾಡುತ್ತದೆ.

ಆದ್ದರಿಂದ ರೆಕಾರ್ಡಿಂಗ್‌ಗೆ ಬ್ಲೂಟೂತ್ ಬೇಡ, ಇದರಲ್ಲಿ ರಾಜಿಯಿಲ್ಲ. ಇಂಟರ್‌ಫೇಸ್‌ನ ಕಿಂಡಿಗೆ ಸಿಕ್ಕಿಸಿದ ಐನೂರು ರೂಪಾಯಿಯ ತಂತಿ ಇಯರ್‌ಫೋನ್ ಈ ಒಂದು ಕೆಲಸದಲ್ಲಿ ಮೂವತ್ತು ಸಾವಿರದ ವೈರ್‌ಲೆಸ್‌ಗಿಂತ ಮೇಲು. ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ಸ್ವಂತ ದನಿ ಲ್ಯಾಪ್‌ಟಾಪ್ ಸುತ್ತಿ ಬರುವ ಪ್ರಮೇಯವೂ ಇಲ್ಲ.

ತಂತಿಯಿಲ್ಲದೆಯೂ ಬೇಗ ಸದ್ದು ತಲುಪಿಸುವ ದಾರಿಗಳಿವೆ, ಆದರೆ ಮಾಮೂಲಿ ಬ್ಲೂಟೂತ್‌ನಲ್ಲಲ್ಲ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಸುಮಾರು 40 ಮಿಲಿಸೆಕೆಂಡ್‌ಗೆ ಇಳಿಯುತ್ತದೆ, ಆದರೆ ಎರಡೂ ತುದಿಯಲ್ಲಿ ಅದೇ ಕೋಡೆಕ್ ಬೇಕು. ಗೇಮಿಂಗ್ ಹೆಡ್‌ಸೆಟ್‌ಗಳ 2.4 ಗಿಗಾಹರ್ಟ್ಸ್ ಡಾಂಗಲ್‌ಗಳು ಇದಕ್ಕಿಂತ ಚುರುಕು. ಸಂಗೀತ ಮಾಡುವವರಿಗೆಂದೇ ಬಂದ ಎಐಎಐಎಐ ಕಂಪನಿಯ ಸ್ಟುಡಿಯೊ ವೈರ್‌ಲೆಸ್ ಮಾದರಿ ತನ್ನದೇ ಟ್ರಾನ್ಸ್‌ಮಿಟರ್ ಬಳಸಿ 16 ಮಿಲಿಸೆಕೆಂಡ್ ಎನ್ನುತ್ತದೆ. 2020ರಲ್ಲಿ ಘೋಷಣೆಯಾದ ಬ್ಲೂಟೂತ್‌ನ ಹೊಸ ಪದ್ಧತಿ ಎಲ್‌ಇ ಆಡಿಯೊ ಮತ್ತು ಅದರ ಎಲ್‌ಸಿ3 ಕೋಡೆಕ್ ವಿಳಂಬವನ್ನೂ ಮೈಕಿನ ಕಾಟವನ್ನೂ ಎರಡನ್ನೂ ತಗ್ಗಿಸುವ ಶಕ್ತಿಯುಳ್ಳದ್ದು. ಲ್ಯಾಪ್‌ಟಾಪ್, ಹೆಡ್‌ಫೋನ್, ಡ್ರೈವರ್ ಮೂರೂ ಒಪ್ಪಿದಾಗ ಮಾತ್ರ.

ಪೆಟ್ಟಿಗೆಯ ಮೇಲಿನ ಅಂಕಿ

ಸಿಡಿ ಗುಣಮಟ್ಟದ ಸದ್ದಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಎಸ್‌ಬಿಸಿ ಒಳ್ಳೆಯ ಸ್ಥಿತಿಯಲ್ಲಿ 328 ಕೊಡುತ್ತದೆ, ಆಪಲ್ ಸಾಧನಗಳ ಎಎಸಿ ಸುಮಾರು 256, ಆಪ್ಟ್‌ಎಕ್ಸ್ ಎಚ್‌ಡಿ 576. ಎಲ್‌ಡಿಎಸಿಗೆ 330, 660, 990 ಎಂಬ ಮೂರು ಮೆಟ್ಟಿಲು. ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆನ್ನುವುದು ಅರ್ಧ ಸತ್ಯ. ಎಎಸಿ ಮನುಷ್ಯನ ಕಿವಿ ಯಾವುದನ್ನು ಗಮನಿಸುವುದಿಲ್ಲ ಎಂದು ಲೆಕ್ಕ ಹಾಕಿ ಬಿಟ್ ಉಳಿಸುತ್ತದೆ. ಎಸ್‌ಬಿಸಿ ಅಷ್ಟು ಜಾಣ ಅಲ್ಲ. ಇಡೀ ಶ್ರವ್ಯ ವ್ಯಾಪ್ತಿಯನ್ನು ಎಂಟು ಪಟ್ಟಿಗಳಾಗಿ ಕತ್ತರಿಸಿ (44.1 ಕಿಲೋಹರ್ಟ್ಸ್‌ನಲ್ಲಿ ಒಂದೊಂದೂ ಸುಮಾರು 2.75 ಕಿಲೋಹರ್ಟ್ಸ್ ಅಗಲ) ಬಿಟ್ ಹಂಚುತ್ತದೆ. ಬಿಟ್ ಸಾಲದೆ ಹೋದಾಗ ಮೊದಲು ಒರಟಾಗುವುದು ಮೇಲಿನ ಪಟ್ಟಿಗಳು: ಖಂಜಿರದ ಬಿಲ್ಲೆ, ತಾಳದ ಝೇಂಕಾರ, ತಂಬೂರಿಯ ಮೇಲ್ಸ್ವರಗಳ ಮಿನುಗು.

ಎಲ್‌ಡಿಎಸಿಯನ್ನು ಆಂಡ್ರಾಯ್ಡ್ 8ರಿಂದ ಫೋನುಗಳಲ್ಲಿ ಕಾಣಬಹುದು. ಐಫೋನ್‌ನಲ್ಲಿ ಇಲ್ಲ. ಮ್ಯಾಕ್‌ನಲ್ಲಿ ಇಲ್ಲ. ವಿಂಡೋಸ್‌ನಲ್ಲಿ ತಾನಾಗಿ ಬರುವುದಿಲ್ಲ. ಅಂದರೆ ಲ್ಯಾಪ್‌ಟಾಪ್ ಮುಂದೆ ಕೂತು ಮಿಕ್ಸ್ ಮಾಡುವವರಿಗೆ ಪೆಟ್ಟಿಗೆಯ ಮೇಲೆ ಹೊಳೆಯುವ ಆ ಚಿನ್ನದ ಸ್ಟಿಕ್ಕರ್ ಹೆಚ್ಚಿನ ಮಟ್ಟಿಗೆ ಅಲಂಕಾರ. ಅವರ ಕಿವಿಗೆ ಬರುತ್ತಿರುವುದು ಎಎಸಿ ಅಥವಾ ಎಸ್‌ಬಿಸಿಯೇ. ಫೋನಿನಲ್ಲೂ 990 ನಿಲ್ಲುವುದು ಮನೆಯ ಶಾಂತ ಮೂಲೆಯಲ್ಲಿ. ಬ್ಲೂಟೂತ್ ಓಡುವುದು ವೈಫೈ ಓಡುವ ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, 1 ಮೆಗಾಹರ್ಟ್ಸ್‌ನ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ನೆಗೆಯುತ್ತಾ. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಪ್ರತಿ ಜೇಬಿನಲ್ಲೂ ಒಂದು ರೇಡಿಯೊ ಇರುವಾಗ, ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ದೇಹವೇ ಅಡ್ಡ ನಿಂತಾಗ, ಎಲ್‌ಡಿಎಸಿ ಸದ್ದಿಲ್ಲದೆ 330ಕ್ಕೆ ಇಳಿಯುತ್ತದೆ. ಡೆವಲಪರ್ ಆಪ್ಷನ್ಸ್‌ಗೆ ಹೋಗಿ 990ಕ್ಕೆ ಕಟ್ಟಿಹಾಕಿದರೆ ಹಾಡು ತುಂಡುತುಂಡಾಗುತ್ತದೆ. ಕೇಳುವುದಕ್ಕೆ 660 ಧಾರಾಳ ಸಾಕು.

ಹೆಡ್‌ಫೋನ್ ಒಳಗಿನ ಕಾಣದ ಎಂಜಿನಿಯರ್

ಮಿಕ್ಸಿಂಗ್‌ನಲ್ಲಿ ವಿಳಂಬದ ಕಾಟ ಕಡಿಮೆ. ಮೌಸ್ ಹಿಡಿದು ವಾಲ್ಯೂಮ್, ಪ್ಯಾನ್ (ಸದ್ದಿನ ಎಡ-ಬಲ ಸ್ಥಾನ) ತಿದ್ದುವಾಗ ಕಾಲು ಸೆಕೆಂಡ್ ತಡವನ್ನು ಸಹಿಸಿಕೊಳ್ಳಬಹುದು. ಇಲ್ಲಿನ ತೊಂದರೆ ಬೇರೆ: ಕೇಳುತ್ತಿರುವುದು ನಿಮ್ಮ ಮಿಕ್ಸೋ, ಹೆಡ್‌ಫೋನ್ ತಿದ್ದಿದ ಮಿಕ್ಸೋ?

ಈ ಹೆಡ್‌ಫೋನ್‌ಗಳ ಸ್ವರೂಪವನ್ನು ಡಿಎಸ್‌ಪಿ ನಿರ್ಧರಿಸುತ್ತದೆ. ಆಡಿಯೊ ಕಂಪನಿ ಹರ್ಮನ್‌ನಲ್ಲಿ ಷಾನ್ ಆಲಿವ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಗಳಲ್ಲಿ ಹೆಚ್ಚಿನ ಕೇಳುಗರು ಇಷ್ಟಪಟ್ಟದ್ದು ಬೇಸ್ ಕೆಲವು ಡೆಸಿಬೆಲ್ ಮೇಲೆದ್ದ ಸದ್ದನ್ನು. ಗ್ರಾಹಕ ಹೆಡ್‌ಫೋನ್‌ಗಳು ಅದರ ಮೇಲೂ ಇನ್ನಷ್ಟು ಸುರಿಯುತ್ತವೆ. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4 ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ ಇದಕ್ಕೆ ಹೆಸರಾದದ್ದು. ಬಸ್ಸಿನಲ್ಲಿ, ಮೆಟ್ರೊದಲ್ಲಿ ಗುಡುಗುಡು ಸದ್ದಿನ ನಡುವೆ ಇದು ಹಿತ. ಮಿಕ್ಸಿಂಗ್‌ನಲ್ಲಿ ಇದೇ ಬಲೆ. ಬೇಸ್ ಉಬ್ಬಿ 250 ಹರ್ಟ್ಸ್‌ವರೆಗೂ ಚಾಚಿದಾಗ ಮೃದಂಗದ ಎಡಮುಖ, ಗಂಡು ದನಿಯ ಎದೆಯ ಭಾಗ ಎರಡೂ ಮಂಕಾಗಿ ಕೇಳುತ್ತವೆ. ಮಿಕ್ಸ್ ಮಾಡುವವರು ಆ ಪ್ರದೇಶವನ್ನು ಈಕ್ಯೂನಲ್ಲಿ (ಸದ್ದಿನ ಒಂದೊಂದು ಭಾಗವನ್ನು ಏರಿಸಿ ಇಳಿಸುವ ಸಾಧನ) ಕೊರೆದು ತೆಗೆಯುತ್ತಾರೆ. ಮರುದಿನ ಅದೇ ಹಾಡು ಕಾರಿನ ಸ್ಪೀಕರ್‌ನಲ್ಲಿ ಮೂಳೆ ಚರ್ಮವಾಗಿ ಕೇಳುತ್ತದೆ.

ಇದಕ್ಕಿಂತ ಕೆಟ್ಟದ್ದು ಎಂದರೆ ಈ ತಿದ್ದುಪಡಿ ಒಂದೇ ಥರ ನಿಲ್ಲುವುದಿಲ್ಲ. ಬೇಸ್ ಸದಾ 5 ಡೆಸಿಬೆಲ್ ಹೆಚ್ಚೆಂದು ಗೊತ್ತಿದ್ದರೆ ಕಿವಿ ಒಗ್ಗಿಕೊಳ್ಳುತ್ತದೆ. ಆದರೆ ಕೆಲವು ಮಾದರಿಗಳು ವಾಲ್ಯೂಮ್ ತಗ್ಗಿಸಿದಾಗ ಬೇಸ್ ಏರಿಸುತ್ತವೆ. ಏರ್‌ಪಾಡ್ಸ್ ಮ್ಯಾಕ್ಸ್‌ನಂಥವು ಒಳಗಿನ ಮೈಕ್‌ನಿಂದ ಕಿವಿಯ ಹತ್ತಿರದ ಸದ್ದನ್ನು ಅಳೆದು ಕ್ಷಣಕ್ಷಣಕ್ಕೂ ಈಕ್ಯೂ ಹೊಂದಿಸಿಕೊಳ್ಳುತ್ತವೆ. ನಾಯ್ಸ್ ಕ್ಯಾನ್ಸಲಿಂಗ್ ಆನ್ ಇದ್ದಾಗೊಂದು ಬೇಸ್, ಆಫ್ ಆದಾಗ ಇನ್ನೊಂದು. ನಾಯ್ಸ್ ಕ್ಯಾನ್ಸಲಿಂಗ್‌ನ ಎದುರಲೆಗಳು ಮುಖ್ಯವಾಗಿ 1 ಕಿಲೋಹರ್ಟ್ಸ್‌ಗಿಂತ ಕೆಳಗೆ ಕೆಲಸ ಮಾಡುತ್ತವೆ, ಬೇಸ್ ಇರುವುದೂ ಅಲ್ಲೇ.

ತಂತಿ ಸಿಕ್ಕಿಸಿದರೆ ಇದೆಲ್ಲ ನಿಲ್ಲುತ್ತದೆಯೇ? ಪವರ್ ಆಫ್ ಮಾಡಿ 3.5 ಮಿಲಿಮೀಟರ್ ತಂತಿ ಹಾಕಿದಾಗ ಡಿಎಸ್‌ಪಿ ಹೊರಗುಳಿಯುವ ಮಾದರಿಗಳಿವೆ. ಆದರೆ ಡಿಎಸ್‌ಪಿ ಇಲ್ಲದ ಆ ಡ್ರೈವರ್‌ನ (ಕಪ್ ಒಳಗಿನ ಪುಟ್ಟ ಸ್ಪೀಕರ್) ನಿಜರೂಪ ಪೇಲವ. ಪವರ್ ಆನ್ ಇದ್ದರೆ ಅನಲಾಗ್ ಸದ್ದು ಮತ್ತೆ ಡಿಜಿಟಲ್ ಆಗಿ, ತಿದ್ದಿಸಿಕೊಂಡು, ಮತ್ತೆ ಅನಲಾಗ್ ಆಗುತ್ತದೆ. ಯುಎಸ್‌ಬಿ-ಸಿ ಇದಕ್ಕಿಂತ ಒಳ್ಳೆಯ ದಾರಿ: ಬೀಟ್ಸ್ ಸ್ಟುಡಿಯೊ ಪ್ರೊ 2023ರಲ್ಲಿ ಇದನ್ನು ತಂದಿತು. ಏರ್‌ಪಾಡ್ಸ್ ಮ್ಯಾಕ್ಸ್‌ನ ಯುಎಸ್‌ಬಿ-ಸಿ ಮಾದರಿಗೆ 2025ರಲ್ಲಿ ಐಒಎಸ್ 18.4ರ ಜತೆ 24 ಬಿಟ್, 48 ಕಿಲೋಹರ್ಟ್ಸ್ ಲಾಸ್‌ಲೆಸ್ (ಕುಗ್ಗಿಸಿದರೂ ಏನೂ ಕಳೆಯದ ಸದ್ದು) ಮತ್ತು ಕಡಿಮೆ ವಿಳಂಬ ಬಂತು. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5ನ ಯುಎಸ್‌ಬಿ ಕಿಂಡಿ ಬರೀ ಚಾರ್ಜಿಂಗ್‌ಗೆ. ಕಿಂಡಿ ಒಂದೇ ಥರ ಕಂಡರೂ ಒಳಗಿನ ಸೌಲಭ್ಯ ಬೇರೆ, ಕೊಳ್ಳುವ ಮೊದಲು ವಿಚಾರಿಸಿ. ಯುಎಸ್‌ಬಿಯಲ್ಲೂ ಹೆಡ್‌ಫೋನ್‌ನ ಡಿಎಸ್‌ಪಿ ಸುಮ್ಮನಿರುವುದಿಲ್ಲ. ನಿಲ್ಲುವುದು ಬ್ಲೂಟೂತ್ ಕೋಡೆಕ್ ಮಾತ್ರ.

ಇದ್ದುದರಲ್ಲೇ ಮಿಕ್ಸ್ ಮಾಡಬೇಕೆಂದರೆ ಮೊದಲ ಕೆಲಸ ಹೆಡ್‌ಫೋನ್ ಅನ್ನು ಒಂದು ಸ್ಥಿತಿಗೆ ಕಟ್ಟಿಹಾಕುವುದು. ಆ್ಯಪ್‌ನಲ್ಲಿ ಈಕ್ಯೂ ಸಪಾಟು ಮಾಡಿ. ಸ್ಪೇಷಿಯಲ್ ಆಡಿಯೊ, ಸದ್ದು ‘ಉತ್ತಮಪಡಿಸುವ’ ಆಯ್ಕೆಗಳು, ಸುತ್ತಲಿಗೆ ತಕ್ಕಂತೆ ಬದಲಾಗುವ ಆಯ್ಕೆಗಳು, ಮಾತಾಡಿದ ಕೂಡಲೇ ಹಾಡು ನಿಲ್ಲಿಸುವ ಸೌಲಭ್ಯ ಎಲ್ಲ ಆಫ್. ನಾಯ್ಸ್ ಕ್ಯಾನ್ಸಲಿಂಗ್ ಆನ್ ಅಥವಾ ಆಫ್, ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ. ಹೆಡ್‌ಫೋನ್‌ನ ವಾಲ್ಯೂಮ್ ಒಂದು ಗುರುತಿಗೆ ನಿಲ್ಲಿಸಿ, ಹೆಚ್ಚು ಕಡಿಮೆ ಮಾಡುವುದನ್ನು ಸಾಫ್ಟ್‌ವೇರ್‌ನಲ್ಲಿ ಮಾಡಿ.

ಆಮೇಲೆ ಕುಶನ್. ಕನ್ನಡಕದ ಕಡ್ಡಿ, ದಪ್ಪ ಕೂದಲು, ಸವೆದ ಫೋಮ್ ಯಾವುದಿದ್ದರೂ ಗಾಳಿ ಸೋರಿ ಬೇಸ್ ಸೋರುತ್ತದೆ. ಟೋನ್ ಜನರೇಟರ್‌ನಿಂದ 50 ಹರ್ಟ್ಸ್ ಸದ್ದು ಸಣ್ಣದಾಗಿ ಹಾಕಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಸದ್ದು ದೊಡ್ಡದಾದರೆ ಸೋರಿಕೆ ಇದೆ ಎಂದೇ ಅರ್ಥ. ಈ ಒಂದು ಸೋರಿಕೆ ಎರಡು ಕೋಡೆಕ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ಬದಲಾವಣೆ ತರುತ್ತದೆ.

ನಂತರ ತಿದ್ದುಪಡಿ ಈಕ್ಯೂ, ಅಂದರೆ ಹೆಡ್‌ಫೋನ್‌ನ ಸ್ವಂತ ಏರಿಳಿತವನ್ನು ಸಮ ಮಾಡುವುದು. ಇದಕ್ಕಿರುವ ಸಾಫ್ಟ್‌ವೇರ್ ಸೌಂಡ್‌ಐಡಿ ರೆಫರೆನ್ಸ್ ದುಡ್ಡಿನದು. ಆಟೊಈಕ್ಯೂ ಯೋಜನೆಯ ಅಂಕಿಗಳು ಉಚಿತ, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಎಂಬ ಸಾಫ್ಟ್‌ವೇರ್‌ಗೆ ತುಂಬಿಸಬಹುದು. ಎರಡು ಎಚ್ಚರಿಕೆ. ಆ ಅಂಕಿಗಳನ್ನು ಯಾವ ಸ್ಥಿತಿಯಲ್ಲಿ ಅಳೆದಿದ್ದಾರೋ (ನಾಯ್ಸ್ ಕ್ಯಾನ್ಸಲಿಂಗ್ ಆನ್ ಅಥವಾ ಆಫ್, ತಂತಿ ಅಥವಾ ಬ್ಲೂಟೂತ್) ಅದೇ ಸ್ಥಿತಿಯಲ್ಲೇ ಬಳಸಬೇಕು, ಇಲ್ಲವಾದರೆ ತಿದ್ದುಪಡಿಯೇ ಹೊಸ ತಪ್ಪಾಗುತ್ತದೆ. ಮತ್ತು ಅದರಲ್ಲಿ ಅತಿ ಹೆಚ್ಚು ಏರಿಸಿದ ಫಿಲ್ಟರ್ +6 ಡೆಸಿಬೆಲ್ ಇದ್ದರೆ ಪ್ರಿಆ್ಯಂಪ್ (ಒಟ್ಟು ಸದ್ದಿನ ಮಟ್ಟ) ಅನ್ನು ಕನಿಷ್ಠ −6ಕ್ಕೆ ಇಳಿಸಬೇಕು. ಇಳಿಸದಿದ್ದರೆ ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿಗಳು ಕತ್ತರಿಸಿ ಸದ್ದು ಒಡೆಯುತ್ತದೆ. ಈ ಈಕ್ಯೂ ಮಾಸ್ಟರ್ ಟ್ರ್ಯಾಕ್ ಮೇಲೆ ಕೂತಿದ್ದರೆ ಬೌನ್ಸ್ ಮಾಡುವ (ಅಂತಿಮ ಫೈಲ್ ತೆಗೆಯುವ) ಮುನ್ನ ಬೈಪಾಸ್ ಮಾಡುವುದನ್ನು ಮರೆಯಬಾರದು. ಇದು ಬಹಳ ಜನ ಬೀಳುವ ಗುಂಡಿ.

ಇಷ್ಟಾದ ಮೇಲೂ ಪ್ಯಾನಿಂಗ್ ಮತ್ತು ರಿವರ್ಬ್ (ಅನುರಣನ) ಬಗ್ಗೆ ಅನುಮಾನ ಇಟ್ಟುಕೊಳ್ಳಿ. ಸ್ಪೀಕರ್‌ನಲ್ಲಿ ಎಡಗಡೆಯ ಸದ್ದು ಬಲಗಿವಿಗೂ ತುಸು ತಲುಪುತ್ತದೆ, ಹೆಡ್‌ಫೋನ್‌ನಲ್ಲಿ ತಲುಪುವುದೇ ಇಲ್ಲ. ಆದ್ದರಿಂದ ಎಲ್ಲವೂ ಅಗಲವಾಗಿ, ದನಿ ತಲೆಯೊಳಗೆ ಕೂತಂತೆ ಕೇಳುತ್ತದೆ. ಇದು ತಂತಿಯ ಹೆಡ್‌ಫೋನ್‌ಗೂ ಇರುವ ಗುಣ. ದನಿಯ ಮಟ್ಟವನ್ನು ಮೋನೊದಲ್ಲಿ, ಸಣ್ಣ ವಾಲ್ಯೂಮ್‌ನಲ್ಲಿ ನಿರ್ಧರಿಸಿದರೆ ತಪ್ಪು ಕಡಿಮೆ. ಹೊಸದಾಗಿ ದುಡ್ಡು ಹಾಕುವವರಿಗಂತೂ ಸಲಹೆ ನೇರ: ಒಂದು ದೊಡ್ಡ ಬ್ರ್ಯಾಂಡ್ ವೈರ್‌ಲೆಸ್‌ನ ಬೆಲೆಗೆ ಆಡಿಯೊ-ಟೆಕ್ನಿಕಾ ಎಂ40ಎಕ್ಸ್‌ನಂಥ ಮುಚ್ಚಿದ ತಂತಿ ಹೆಡ್‌ಫೋನ್ ಜತೆಗೆ ಸಣ್ಣ ಇಂಟರ್‌ಫೇಸ್ ಎರಡೂ ಬರುತ್ತವೆ. ಸೋನಿಯ ಎಂಡಿಆರ್-7506ರ ವಿದ್ಯುತ್ ಪ್ರತಿರೋಧ (ಇಂಪೀಡೆನ್ಸ್) 63 ಓಮ್, ಲ್ಯಾಪ್‌ಟಾಪ್ ಕಿಂಡಿಗೂ ನಡೆಯುತ್ತದೆ. ಸೆನ್‌ಹೈಸರ್ ಎಚ್‌ಡಿ 600ರದ್ದು 300 ಓಮ್, ಅದಕ್ಕೆ ಒಳ್ಳೆಯ ಆ್ಯಂಪ್ ಬೇಕು, ತೆರೆದ ಮಾದರಿಯಾದ್ದರಿಂದ ಟೈಲ್ಸ್ ಕೊಯ್ಯುವ ಸದ್ದೂ ಒಳಗೆ ಬರುತ್ತದೆ.

ಬರೀ ಕೇಳುವುದಕ್ಕೆ

ಕೇಳುವುದಕ್ಕಾದರೆ ವೈರ್‌ಲೆಸ್ ಮೇಲೆ ಇಷ್ಟೆಲ್ಲ ದೂರು ಬೇಡ. ಮೆಟ್ರೊದಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇಲ್ಲದ ದುಬಾರಿ ತಂತಿ ಹೆಡ್‌ಫೋನ್‌ಗಿಂತ ಇದರಲ್ಲೇ ಹೆಚ್ಚು ಸಂಗೀತ ಕೇಳುತ್ತದೆ. ಆಲಾಪನೆಯ ಸಣ್ಣ ಎಳೆಗಳು ಹಳಿಯ ಸದ್ದಿನಡಿ ಮುಳುಗುವುದಿಲ್ಲ. ವಾಲ್ಯೂಮ್ ಏರಿಸುವ ಅಗತ್ಯವೂ ಬೀಳದು. ಇದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್‌ನಲ್ಲಿ. ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ: 83ಕ್ಕೆ 20 ಗಂಟೆ, 86ಕ್ಕೆ 10. ವೈಟ್‌ಫೀಲ್ಡ್‌ಗೆ ದಿನಾ ಹೋಗಿಬರುವವರು 86ರಲ್ಲಿ ಕೇಳಿದರೆ ವಾರದ ಪಾಲು ಪ್ರಯಾಣದಲ್ಲೇ ಮುಗಿದೀತು.

ಆಪಲ್ ಮ್ಯೂಸಿಕ್ 2021ರಲ್ಲಿ, ಸ್ಪಾಟಿಫೈ 2025ರಲ್ಲಿ ಲಾಸ್‌ಲೆಸ್ ಆರಂಭಿಸಿದವು. ಮಾಮೂಲಿ ಬ್ಲೂಟೂತ್‌ನಲ್ಲಿ ಅದು ಮತ್ತೆ ಕುಗ್ಗಿಯೇ ಕಿವಿಗೆ ಬರುವುದು. ಡೇಟಾ ಮಾತ್ರ ಖಂಡಿತ ಹೆಚ್ಚು ತಿನ್ನುತ್ತದೆ. ಅಂಗಡಿಯಲ್ಲಿ ಎರಡನ್ನು ಹೋಲಿಸಿ ಕೇಳುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳದಿದ್ದರೆ ಜೋರಾಗಿರುವುದೇ ಗೆಲ್ಲುತ್ತದೆ. ಅಗ್ಗಕ್ಕೆ ಸಿಕ್ಕ ಹೆಸರಾಂತ ಬ್ರ್ಯಾಂಡ್ ಆದರೆ ಹಣ ಕೊಡುವ ಮುನ್ನ ಆ ಕಂಪನಿಯ ಅಧಿಕೃತ ಆ್ಯಪ್‌ಗೆ ಜೋಡಿಸಿ ನೋಡಿ. ನಕಲಿ ಸರಕು ಫೋನಿಗೆ ಜೋಡಣೆಯಾದರೂ ಆ್ಯಪ್ ಅದನ್ನು ಗುರುತಿಸದೇ ಹೋಗುವುದು ಸಾಮಾನ್ಯ.

ಮಿಕ್ಸ್ ಮುಗಿದ ಮೇಲೆ

ರೆಕಾರ್ಡಿಂಗ್‌ಗೆ ಬೇಡವಾದ ಇದೇ ಹೆಡ್‌ಫೋನ್ ಕೊನೆಯ ಪರೀಕ್ಷೆಗೆ ಬೇಕೇಬೇಕು, ಏಕೆಂದರೆ ಹಾಡು ಕೇಳುವವರ ಕಿವಿಯಲ್ಲಿರುವುದು ಇಂಥದ್ದೇ. ಸಾಫ್ಟ್‌ವೇರ್‌ನಿಂದ ನೇರ ಕೇಳಬೇಡಿ. ಹಾಡನ್ನು ಬೌನ್ಸ್ ಮಾಡಿ, ಫೋನಿಗೆ ಹಾಕಿ, ಹೆಡ್‌ಫೋನ್‌ನ ಕಾರ್ಖಾನೆ ಸೆಟ್ಟಿಂಗ್‌ಗಳನ್ನು ಮತ್ತೆ ಆನ್ ಮಾಡಿ ಕೇಳಿ. ಟ್ರೂ ಪೀಕ್ (ಅಲೆಯ ಅತಿ ಎತ್ತರದ ತುದಿ) −1 ಡೆಸಿಬೆಲ್‌ಗಿಂತ ಮೇಲಿದ್ದರೆ ಸ್ಟ್ರೀಮಿಂಗ್‌ಗೆ ಕುಗ್ಗಿಸುವಾಗ ಒಮ್ಮೆ, ಬ್ಲೂಟೂತ್‌ಗೆ ಕುಗ್ಗಿಸುವಾಗ ಇನ್ನೊಮ್ಮೆ ಅಲೆಯ ತುದಿಗಳು ಗೆರೆ ದಾಟಿ ಒಡೆಯಬಹುದು. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ −14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಸಮ ಮಾಡುತ್ತದೆ. −8ಕ್ಕೆ ಹಿಂಡಿದ ಮಾಸ್ಟರ್ ಅಲ್ಲಿ 6 ಡೆಸಿಬೆಲ್ ತಗ್ಗುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ.

ಕನ್ನಡ ಹಾಡಿನಲ್ಲಿ ವಿಶೇಷವಾಗಿ ಕಿವಿಗೊಡಬೇಕಾದದ್ದು ಸ, ಶ, ಷ, ಛ. ಮೇಲಿನ ಸ್ವರಗಳನ್ನು ಮಿರುಗಿಸುವ ಹೆಡ್‌ಫೋನ್‌ಗಳಲ್ಲಿ ಇವು ಚುಚ್ಚುತ್ತವೆ. 5ರಿಂದ 8 ಕಿಲೋಹರ್ಟ್ಸ್ ನಡುವೆ ಡಿ-ಎಸ್ಸರ್ (ಸಕಾರದ ಚುಚ್ಚು ತಗ್ಗಿಸುವ ಸಾಧನ) ಹಾಕಿ 3-4 ಡೆಸಿಬೆಲ್ ಇಳಿಸಿದರೆ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಹೆಚ್ಚು ಒತ್ತಿದರೆ ಹಾಡುಗಾರರ ನಾಲಿಗೆ ತೊದಲಿದಂತೆ ಕೇಳುತ್ತದೆ. ಬೇಸ್ ಜಾಸ್ತಿ ಎನಿಸಿದರೆ ಮಾತ್ರ ಈ ಹೆಡ್‌ಫೋನ್ ನಂಬಿ ತಿದ್ದಬೇಡಿ. ಅದೇ ಥರದ ಬಿಡುಗಡೆಯಾದ ಒಂದು ಹಾಡನ್ನು ಅದೇ ಮಟ್ಟದಲ್ಲಿ ಪಕ್ಕಕ್ಕಿಟ್ಟು ಕೇಳಿ, ಅದರಲ್ಲೂ ಬೇಸ್ ಅಷ್ಟೇ ಇದ್ದರೆ ನಿಮ್ಮ ಮಿಕ್ಸ್ ಮುಟ್ಟದೆ ಬಿಡಿ.